ಡಾರ್ವಿನ್ನನೂ ಬಾರ್ನಕಲ್ಲುಗಳೂ

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಕೋತಿಯಿಂದ ಮನುಷ್ಯ ಬಂದನೆಂದು ಹೇಳಿದವನು ಎಂದು ಊರ ಕಟ್ಟೆಯ ಮೇಲೆ ಕುಳಿತವರೂ ಅವನನ್ನು ಬಲ್ಲರು. ಅವನು ಹೇಳಿದ್ದು ಅದನ್ನಲ್ಲವೆಂಬುದು ಬೇರೆಯ ಮಾತು. ಅವನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನನ್ನು ಬೀಗಲ್ ಹಡಗಿಗೆ ಹತ್ತಿಸಿ, ಗಲಾಪಗಸ್ ದ್ವೀಪಗಳ ಹಕ್ಕಿಗಳನ್ನು ತೋರಿಸಿ, ಅಲ್ಲಿಂದ ಒಂದೇ ನೆಗೆತಕ್ಕೆ 1859ನೆಯ ಇಸವಿಗೆ ಬಂದುಬಿಡುತ್ತಾರೆ. ಆದರೆ ಆ ನಡುವೆ, 1846ರಿಂದ 1854ರವರೆಗೆ, ಆ ಮನುಷ್ಯನು ಎಂಟು ವರ್ಷಗಳ ಕಾಲ ಮನೆಯ ಕಿಟಕಿಯ ಬಳಿ ಕುಳಿತು, ಬೆನ್ನೆಲುಬಿಲ್ಲದ ಒಂದು ಕ್ಷುದ್ರ ಕಡಲಜೀವಿಯನ್ನು ಕೊಯ್ದು, ನೋಡಿ, ಹೆಸರಿಟ್ಟು, ವರ್ಣಿಸಿದನು. ನಾನು ಬರೆಯಹೊರಟಿರುವುದು ಮುಖ್ಯವಾಗಿ ಆ ಎಂಟು ವರ್ಷಗಳನ್ನು ಕುರಿತು.

ನಮ್ಮದು ಕಲಾ ಕಾಲೇಜು. ಇಲ್ಲಿ ಕಪ್ಪೆ ಕೊಯ್ಯುವ ಮೇಜೂ ಇಲ್ಲ, ಸ್ಪಿರಿಟಿನ ವಾಸನೆಯೂ ಇಲ್ಲ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ ಪ್ರಾಣಿಶಾಸ್ತ್ರದ ಗೊಡವೆ ಏಕೆಂದು ಗೆಳೆಯರು ಕೇಳಬಹುದು. ಹಳೆಯ ಕಾವ್ಯವೊಂದನ್ನು ಸಂಪಾದಿಸುವ ಪಂಡಿತರು ಹತ್ತು ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವುದು ಕವಿಯ ಪಾಠ, ಯಾವುದು ಲಿಪಿಕಾರನ ಕೈವಾಡ, ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ತೂಗಿ ನೋಡುವುದನ್ನು ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಓದುತ್ತೇವಷ್ಟೆ. ಡಾರ್ವಿನ್ನನು ಆ ಎಂಟು ವರ್ಷ ಮಾಡಿದುದು ಇದೇ ಕೆಲಸವೆಂದು ನನಗೆ ತೋರಿತು. ಅವನ ಪ್ರತಿಗಳು ಮಾತ್ರ ಓಲೆಗರಿಗಳಲ್ಲ, ಚಿಪ್ಪುಗಳು.

ಬಾರ್ನಕಲ್ ಎಂಬ ಹೆಸರು ಇಂಗ್ಲಿಷಿನದು. ಕನ್ನಡದ ಕಿವಿಗೆ ಅದರ ಕೊನೆಯಲ್ಲಿ ಒಂದು ಕಲ್ಲು ಕೇಳಿಸುತ್ತದೆ. ಕೇಳಿಸಿದರೆ ತಪ್ಪೇನೂ ಇಲ್ಲ. ಕಾರವಾರದ ಕಡೆ ಸಮುದ್ರದ ನೀರು ಇಳಿದಾಗ ಬಂಡೆಗಳನ್ನು ನೋಡಿದವರಿಗೆ, ಅವುಗಳ ಮೈತುಂಬ ಬಿಳಿಯ, ಬೂದುಬಣ್ಣದ, ತುದಿ ಮುರಿದ ಪುಟ್ಟ ಗೋಪುರಗಳಂಥವು ಒತ್ತೊತ್ತಾಗಿ ಅಂಟಿಕೊಂಡಿರುವುದು ನೆನಪಿರಬಹುದು. ಪ್ರವಾಸ ಹೋದಾಗ ನಮ್ಮ ಗೆಳೆಯನೊಬ್ಬನು ಚಪ್ಪಲಿ ಕಳಚಿ ಆ ಬಂಡೆಯನ್ನೇರಿ ಅಂಗಾಲು ಕೊಯ್ದುಕೊಂಡು ಬಂದನು. ಅವು ಕಲ್ಲಲ್ಲ, ಬದುಕಿರುವ ಪ್ರಾಣಿಗಳು. ಎಳೆತನದಲ್ಲಿ ನೀರಿನಲ್ಲಿ ಈಜಾಡಿಕೊಂಡಿರುವ ಮರಿಯು ತಕ್ಕ ಜಾಗ ಸಿಕ್ಕಿದೊಡನೆ ತಲೆಯನ್ನು ಬಂಡೆಗೆ ಅಂಟಿಸಿಕೊಳ್ಳುತ್ತದೆ. ಸುತ್ತಲೂ ಸುಣ್ಣದ ಫಲಕಗಳ ಕೋಟೆ ಕಟ್ಟಿಕೊಳ್ಳುತ್ತದೆ. ಆಮೇಲೆ ಉಳಿದ ಆಯುಷ್ಯವನ್ನೆಲ್ಲ ಶೀರ್ಷಾಸನದಲ್ಲಿಯೇ ಕಳೆಯುತ್ತ, ಗರಿಯಂಥ ಕಾಲುಗಳನ್ನು ಬಾಗಿಲಿನಿಂದ ಹೊರಚಾಚಿ, ನೀರನ್ನು ಬಾಚಿ ಬಾಚಿ ಆಹಾರವನ್ನು ಬಾಯಿಗೆ ಒಯ್ಯುತ್ತದೆ. ಕೆಲವಕ್ಕೆ ಕೋಟೆಯ ಬದಲು ಮೆತ್ತನೆಯ ತೊಟ್ಟು ಇರುತ್ತದೆ. ಹಡಗಿನ ತಳಕ್ಕೂ ತೇಲುವ ಮರದ ತುಂಡಿಗೂ ಅವು ಜೋತುಬೀಳುತ್ತವೆ.

ಇಂಥ ಪ್ರಾಣಿಯನ್ನು ಯಾವ ಸಾಲಿಗೆ ಸೇರಿಸಬೇಕೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ತೊಟ್ಟಿನ ಬಾರ್ನಕಲ್ಲುಗಳಿಂದ ಒಂದು ಜಾತಿಯ ಬಾತುಗಳು ಹುಟ್ಟುತ್ತವೆಂದು ಮಧ್ಯಯುಗದ ಯೂರೋಪಿನ ಜನ ನಂಬಿದ್ದರು. ಲಿನೇಯಸ್ಸನು ಅವನ್ನು ಚಿಪ್ಪುಳ್ಳ ಹುಳುಗಳೆಂದನು. ಕುವ್ಯೇ ಎಂಬ ಫ್ರೆಂಚ್ ಪಂಡಿತನು ಮೃದ್ವಂಗಿಗಳೆಂದು ಕರೆದು ಬಸವನಹುಳುವಿನ ನಂಟರನ್ನಾಗಿ ಮಾಡಿದನು. 1830ರಲ್ಲಿ ಐರ್ಲೆಂಡಿನ ಕಾರ್ಕ್ ಎಂಬಲ್ಲಿದ್ದ ಸೈನ್ಯದ ವೈದ್ಯ ಜಾನ್ ವಾನ್ ಥಾಂಪ್ಸನ್ ಅವುಗಳ ಮರಿಗಳು ಏಡಿ ಸೀಗಡಿಗಳ ವಂಶದ ಮರಿಗಳಂತೆಯೇ ಇರುವುದನ್ನು ತೋರಿಸಿದಾಗ ಈ ಗೊಂದಲ ತಿಳಿಯಾಯಿತು. ಬೆಳೆದ ಮೇಲೆ ಮರೆಸಿದ ಕುಲವನ್ನು ಬಾಲ್ಯವು ಹೇಳಿಬಿಟ್ಟಿತು.

ಡಾರ್ವಿನ್ನನು ಹುಟ್ಟಿದುದು 1809ನೆಯ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ದೊಡ್ಡ ವೈದ್ಯ. ಮಗನೂ ವೈದ್ಯನಾಗಲೆಂದು ಎಡಿನ್‌ಬರಾಕ್ಕೆ ಕಳುಹಿಸಿದರೆ, ಅಂದಿನ ಶಸ್ತ್ರಚಿಕಿತ್ಸೆಯನ್ನು ಕಣ್ಣಿಂದ ನೋಡಲಾರದೆ ಆತ ಓಡಿಬಂದನು. ಅಲ್ಲಿದ್ದಷ್ಟು ದಿನ ರಾಬರ್ಟ್ ಗ್ರಾಂಟ್ ಎಂಬಾತನ ಜೊತೆಯಲ್ಲಿ ಕಡಲತಡಿಯ ಕುಣಿಗಳಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಹುಡುಕುವುದನ್ನು ಕಲಿತನು. ಕೇಂಬ್ರಿಜ್ಜಿನಲ್ಲಿ ಪಾದ್ರಿಯಾಗಲು ಓದಬೇಕಾಗಿದ್ದವನು ಜೀರುಂಡೆ ಹಿಡಿಯುತ್ತ ತಿರುಗಿದನು. ಎರಡು ಕೈಯಲ್ಲೂ ಒಂದೊಂದು ಅಪರೂಪದ ಜೀರುಂಡೆ ಇರುವಾಗ ಮೂರನೆಯದು ಕಾಣಿಸಲು, ಕೈಯಲ್ಲಿದ್ದ ಒಂದನ್ನು ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡ ಕಥೆಯನ್ನು ಅವನೇ ಬರೆದಿಟ್ಟಿದ್ದಾನೆ. ನಮ್ಮ ಮನೆಗಳಲ್ಲಾಗಿದ್ದರೆ ಇಂಥ ಮಗನನ್ನು ಕುರಿತು ಏನನ್ನುತ್ತಿದ್ದರೋ ಊಹಿಸಬಹುದು. ಅವನ ತಂದೆಯೂ ಹೆಚ್ಚು ಕಡಿಮೆ ಅದನ್ನೇ ಅಂದನು. 1831ರ ಡಿಸೆಂಬರ್ 27ರಂದು ಬೀಗಲ್ ಹಡಗಿನಲ್ಲಿ ಹೊರಟವನು ಮರಳಿ ಬಂದುದು 1836ರ ಅಕ್ಟೋಬರಿನಲ್ಲಿ. ಆ ಐದು ವರ್ಷಗಳ ಕಥೆ ಎಲ್ಲರಿಗೂ ತಿಳಿದುದೇ. ನಮಗೆ ಬೇಕಾದುದು ಅದರಲ್ಲಿನ ಒಂದು ಚಿಪ್ಪು.

1835ರ ಜನವರಿಯಲ್ಲಿ ಹಡಗು ದಕ್ಷಿಣ ಅಮೆರಿಕದ ಚಿಲಿ ದೇಶದ ಚೋನೋಸ್ ದ್ವೀಪಗಳ ನಡುವೆ ಇದ್ದಾಗ ಡಾರ್ವಿನ್ನನು ದಡದಿಂದ ದಪ್ಪನೆಯ ಒಂದು ಚಿಪ್ಪನ್ನು ಎತ್ತಿಕೊಂಡನು. ಅದರ ತುಂಬ ಸೂಜಿಯಿಂದ ಚುಚ್ಚಿದಂತೆ ರಂಧ್ರಗಳು. ಪ್ರತಿ ರಂಧ್ರದಲ್ಲೂ ಗುಂಡುಸೂಜಿಯ ತಲೆಯಷ್ಟು ದೊಡ್ಡದೊಂದು ಪ್ರಾಣಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾರ್ನಕಲ್ಲಿನ ಹಾಗಿದೆ, ಆದರೆ ಚಿಪ್ಪಿಲ್ಲ. ಸ್ವಂತ ಕೋಟೆ ಕಟ್ಟುವ ಬದಲು ಪರರ ಕೋಟೆಯನ್ನು ಕೊರೆದು ಒಳಸೇರಿಕೊಂಡಿದೆ. ಅದನ್ನು ಸ್ಪಿರಿಟಿನಲ್ಲಿ ಹಾಕಿಟ್ಟು ಊರಿಗೆ ತಂದನು. ಹನ್ನೊಂದು ವರ್ಷ ಅದು ಸೀಸೆಯಲ್ಲೇ ಕುಳಿತಿತ್ತು.

ಆ ಹನ್ನೊಂದು ವರ್ಷಗಳಲ್ಲಿ ಡಾರ್ವಿನ್ನನು ಮದುವೆಯಾದನು; ಲಂಡನ್ನನ್ನು ಬಿಟ್ಟು 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲಸಿದನು. ಪ್ರಾಣಿಗಳ ಪ್ರಭೇದಗಳು ಸೃಷ್ಟಿಯ ಮೊದಲ ದಿನ ಎರಕಹೊಯ್ದವಲ್ಲ, ಒಂದರಿಂದ ಒಂದು ನಿಧಾನವಾಗಿ ಮಾರ್ಪಟ್ಟು ಬಂದವು ಎಂಬ ವಿಚಾರ ಅವನ ತಲೆಯಲ್ಲಿ ಆಗಲೇ ಬಲಿತಿತ್ತು. 1844ರಲ್ಲಿ ಅದನ್ನು ಇನ್ನೂರಕ್ಕೂ ಹೆಚ್ಚು ಪುಟಗಳಲ್ಲಿ ಬರೆದು, ತಾನು ಸತ್ತರೆ ಅಚ್ಚು ಮಾಡಿಸಬೇಕೆಂದು ಹೆಂಡತಿ ಎಮ್ಮಳಿಗೆ ಕಾಗದ ಬರೆದಿಟ್ಟು, ಪೆಟ್ಟಿಗೆಯಲ್ಲಿ ಮುಚ್ಚಿದನು. ಅದೇ ವರ್ಷ ಇಂಥದೇ ವಿಚಾರವನ್ನು ಹೇಳುವ ಗ್ರಂಥವೊಂದು ಕರ್ತೃವಿನ ಹೆಸರಿಲ್ಲದೆ ಹೊರಬಿದ್ದಿತು. ಜನ ಅದನ್ನು ಮುಗಿಬಿದ್ದು ಓದಿದರು. ಪಂಡಿತರು ಹರಿದು ಹಾಕಿದರು. ಬರೆದವನಿಗೆ ಪ್ರಾಣಿಗಳ ಪರಿಚಯವೇ ಸಾಲದೆಂಬುದು ಅವರ ಮುಖ್ಯ ಆಕ್ಷೇಪ. ಮರುವರ್ಷ ಸಸ್ಯವಿಜ್ಞಾನಿ ಹೂಕರ್ ಎಂಬ ಗೆಳೆಯನು ಮತ್ತೊಬ್ಬ ಲೇಖಕನನ್ನು ಕುರಿತು ಕಾಗದ ಬರೆಯುತ್ತ, ಹಲವಾರು ಪ್ರಭೇದಗಳನ್ನು ಕೂಲಂಕಷವಾಗಿ ವರ್ಣಿಸದವನಿಗೆ ಪ್ರಭೇದ ಎಂದರೇನೆಂದು ವಿಚಾರಿಸುವ ಹಕ್ಕೇ ಇಲ್ಲವೆಂದು ಅಭಿಪ್ರಾಯಪಟ್ಟನು. ಹೂಕರನು ಯಾರನ್ನೋ ಉದ್ದೇಶಿಸಿ ಬೀಸಿದ ಚಾಟಿ ಡಾರ್ವಿನ್ನನ ಬೆನ್ನಿಗೆ ತಗುಲಿತು. ಅವನು ಅದುವರೆಗೆ ಹೆಸರಾಗಿದ್ದುದು ಭೂವಿಜ್ಞಾನದಲ್ಲಿ. ಒಂದೇ ಒಂದು ಪ್ರಾಣಿವರ್ಗವನ್ನೂ ಅವನು ತಳಮುಟ್ಟ ನೋಡಿರಲಿಲ್ಲ.

1846ರ ಅಕ್ಟೋಬರ್ 1ರಂದು ಚಿಲಿಯ ಆ ಸೀಸೆಯನ್ನು ತೆರೆದನು. ಒಂದು ಸಣ್ಣ ಲೇಖನ ಬರೆದು ಮುಗಿಸುವುದು ಅವನ ಎಣಿಕೆಯಾಗಿತ್ತು. ಆದರೆ ಆ ಪ್ರಾಣಿ ಎಷ್ಟು ವಿಚಿತ್ರವೆಂದು ಹೇಳಬೇಕಾದರೆ ಉಳಿದ ಬಾರ್ನಕಲ್ಲುಗಳು ಹೇಗಿವೆಯೆಂದು ತಿಳಿಯಬೇಕು. ಅದಕ್ಕಾಗಿ ಪುಸ್ತಕ ತೆರೆದರೆ, ಹಿಂದಿನವರು ಹೊರಚಿಪ್ಪಿನ ಬಣ್ಣ ಆಕಾರಗಳನ್ನು ನೋಡಿ ಹೆಸರಿಟ್ಟು, ಒಂದೇ ಪ್ರಾಣಿಗೆ ಹತ್ತು ಹೆಸರು, ಹತ್ತು ಪ್ರಾಣಿಗೆ ಒಂದು ಹೆಸರು ಎಂಬಂತೆ ಮಾಡಿಟ್ಟಿದ್ದರು. ಬ್ರಿಟಿಷ್ ಮ್ಯೂಜಿಯಮ್ಮಿನ ಗ್ರೇ ಎಂಬ ಅಧಿಕಾರಿ ಇಡೀ ವರ್ಗವನ್ನೇ ಕೈಗೆತ್ತಿಕೊಳ್ಳುವಂತೆ ಸೂಚಿಸಿ, ಅಲ್ಲಿಯ ಸಂಗ್ರಹವನ್ನು ಡೌನ್ ಹಳ್ಳಿಗೆ ಕಳುಹಿಸುವಂತೆ ಏರ್ಪಡಿಸಿದನು. ಹೀಗೆ ಲೋಕದ ಎಲ್ಲ ಸಮುದ್ರಗಳ ಬಾರ್ನಕಲ್ಲುಗಳೂ ಪೆಟ್ಟಿಗೆ ಪೆಟ್ಟಿಗೆಯಾಗಿ ಸಮುದ್ರವೇ ಕಾಣದ ಆ ಹಳ್ಳಿಯ ಮನೆಗೆ ಬಂದು ಬಿದ್ದುವು.

ಅವನ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ಬಾರ್ನಕಲ್ಲಿನ ಹೊರರೂಪದಷ್ಟು ಮೋಸದ ವಸ್ತು ಇನ್ನೊಂದಿಲ್ಲ. ಜಾಗ ಇದ್ದಲ್ಲಿ ಅದು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಬೆಳೆದರೆ ಅದೇ ಪ್ರಭೇದ ನೀಳವಾದ ಕೊಳವೆಯಾಗುತ್ತದೆ. ಅಲೆ ತಿಕ್ಕಿದರೆ ಗೆರೆಗಳು ಸವೆಯುತ್ತವೆ. ಆದುದರಿಂದ ಡಾರ್ವಿನ್ನನು ಫಲಕಗಳನ್ನು ಒಂದೊಂದಾಗಿ ಬಿಡಿಸಿ ತೊಳೆದು, ಬಾಗಿಲಿನಂತೆ ಮುಚ್ಚಿ ತೆರೆಯುವ ಒಳಫಲಕಗಳ ಅಂಚು, ಹಲ್ಲು, ಕುಳಿಗಳನ್ನು ನೋಡುತ್ತಿದ್ದನು. ಒಣಗಿ ಹೋದ ದೇಹವನ್ನು ನೆನೆಸಿ ಮೃದುಮಾಡಿ, ಬಾಯಿಯ ಭಾಗಗಳನ್ನೂ ಕಾಲುಗಳ ಗಂಟುಗಳನ್ನೂ ಬಿಡಿಸಿ ಗಾಜಿನ ಮೇಲೆ ಇಡುತ್ತಿದ್ದನು. ಒಂದು ಊರಿನ ಒಂದು ಮಾದರಿ ಸಾಲದು. ಹಲವು ಕಡೆಯ ಹಲವು ಮಾದರಿಗಳು ಬೇಕು. ಅವನ ಕೈಕೆಲಸಕ್ಕೆ ಒಗ್ಗುವಂತೆ ಲಂಡನ್ನಿನಲ್ಲಿ ಹೊಸ ಸೂಕ್ಷ್ಮದರ್ಶಕವೊಂದು ತಯಾರಾಯಿತು. ಕಿಟಕಿಯ ಹಲಗೆಗೆ ಅಂಗೈಯನ್ನು ಊರಿ, ಸೂಜಿ ಕತ್ತರಿಗಳಿಂದ ಮಿಲಿಮೀಟರಿಗಿಂತ ಸಣ್ಣ ಅಂಗಗಳನ್ನು ಬೇರ್ಪಡಿಸುವುದು ಮನೆಯ ನಿತ್ಯವಿಧಿಯಾಯಿತು. ಅವನ ಮಕ್ಕಳಲ್ಲೊಬ್ಬನು ನೆರೆಮನೆಯ ಯಜಮಾನನನ್ನು ಕುರಿತು, ಆತ ತನ್ನ ಬಾರ್ನಕಲ್ಲುಗಳನ್ನು ಯಾವ ಕೋಣೆಯಲ್ಲಿ ಮಾಡುತ್ತಾನೆ ಎಂದು ಕೇಳಿದನಂತೆ. ಅಪ್ಪಂದಿರೆಲ್ಲರ ಕಸುಬು ಅದೇ ಎಂದು ಮಗುವಿನ ನಂಬಿಕೆ.

ಈ ಶ್ರಮಕ್ಕೆ ದೊರೆತ ಫಲಗಳಲ್ಲಿ ಅತಿ ಸೋಜಿಗದ್ದು 1848ರಲ್ಲಿ ಸಿಕ್ಕಿತು. ಬಾರ್ನಕಲ್ಲುಗಳು ಸಾಮಾನ್ಯವಾಗಿ ಗಂಡೂ ಹೆಣ್ಣೂ ಒಂದೇ ದೇಹದಲ್ಲಿರುವ ಪ್ರಾಣಿಗಳು. ಇಬ್ಲ ಎಂಬ ಜಾತಿಯ ಒಂದು ಪ್ರಭೇದದಲ್ಲಿ ಮಾತ್ರ ಡಾರ್ವಿನ್ನನಿಗೆ ಗಂಡಿನ ಅಂಗಗಳೇ ಕಾಣಲಿಲ್ಲ. ಆದರೆ ಆ ಹೆಣ್ಣುಗಳ ಕೋಟೆಯೊಳಗೆ ಹುಳುಗಳಂಥ ಪುಟ್ಟ ಪರಪಿಂಡಜೀವಿಗಳು ಅಂಟಿಕೊಂಡಿದ್ದುವು. ಬೇರೆಯವನಾಗಿದ್ದರೆ ಕಸವೆಂದು ತೊಳೆದು ಚೆಲ್ಲುತ್ತಿದ್ದನು. ಇವನು ಅವನ್ನೂ ಕೊಯ್ದು ನೋಡಿದನು. ಅವು ಪರಪಿಂಡಗಳಲ್ಲ, ಆ ಹೆಣ್ಣುಗಳ ಗಂಡಂದಿರು! ಅದೇ ಜಾತಿಯ ಇನ್ನೊಂದು ಪ್ರಭೇದದಲ್ಲಿ ದೊಡ್ಡ ಪ್ರಾಣಿ ಉಭಯಲಿಂಗಿಯಾಗಿಯೇ ಇದ್ದು, ಅದರ ಜೊತೆಗೆ ಇಂಥ ಕುಬ್ಜ ಗಂಡುಗಳೂ ಇದ್ದುವು. ಒಂದೇ ದೇಹದಲ್ಲಿದ್ದ ಗಂಡುಹೆಣ್ಣುಗಳು ಬೇರೆಯಾಗುವ ದಾರಿಯ ಮೆಟ್ಟಿಲುಗಳು ಒಂದರ ಪಕ್ಕದಲ್ಲೊಂದು ಇನ್ನೂ ಜೀವಂತವಾಗಿರುವುದನ್ನು ಅವನು ಕಂಡನು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಇಷ್ಟು ಹೊತ್ತಿಗೆ ಆತನ ಆರೋಗ್ಯ ತೀರ ಕೆಟ್ಟಿತ್ತು. ವಾಂತಿ, ನಡುಕ, ನಿದ್ರಾಹೀನತೆ. 1848ರ ನವೆಂಬರಿನಲ್ಲಿ ತಂದೆ ತೀರಿಕೊಂಡಾಗ ಅಂತ್ಯಕ್ರಿಯೆಗೆ ಸರಿಯಾದ ಹೊತ್ತಿಗೆ ಹೋಗಲಾಗಲಿಲ್ಲ. ಮರುವರ್ಷ ಮಾಲ್ವರ್ನ್ ಎಂಬಲ್ಲಿ ಡಾಕ್ಟರ್ ಗಲ್ಲಿಯ ಜಲಚಿಕಿತ್ಸೆಗೆ ಸಂಸಾರಸಮೇತ ಹೋಗಿ ತಣ್ಣೀರು ಸುರಿಸಿಕೊಂಡು ಬಂದನು. ಆಮೇಲೆ ದಿನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಬಾರ್ನಕಲ್ಲುಗಳ ಮುಂದೆ ಕೂರಬಾರದೆಂದು ವೈದ್ಯನ ಕಟ್ಟಪ್ಪಣೆ. 1851ರಲ್ಲಿ ಅವನ ಹಿರಿಯ ಮಗಳು, ಹತ್ತು ವರ್ಷದ ಆನಿ, ಕಾಯಿಲೆ ಬಿದ್ದಳು. ಅವಳನ್ನು ಅದೇ ಮಾಲ್ವರ್ನಿಗೆ ಕರೆದೊಯ್ದರು. ತುಂಬು ಬಸುರಿಯಾಗಿದ್ದ ಎಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಮಗಳ ಹಾಸಿಗೆಯ ಪಕ್ಕದಲ್ಲಿ ಕುಳಿತು ತಂದೆ ದಿನದಿನವೂ ಹೆಂಡತಿಗೆ ಕಾಗದ ಬರೆದನು. ಏಪ್ರಿಲ್ 23ರಂದು ಆನಿ ತೀರಿಕೊಂಡಳು. ಬಾರ್ನಕಲ್ಲುಗಳ ಮೊದಲ ಸಂಪುಟದ ಮುಖಪುಟದಲ್ಲಿರುವುದೂ 1851ನೆಯ ಇಸವಿಯೇ. ಆ ಸಂಪುಟದ ತಣ್ಣನೆಯ ವರ್ಣನೆಗಳಲ್ಲಿ ಮನೆಯ ದುಃಖದ ಗುರುತು ಒಂದು ಗೆರೆಯಷ್ಟೂ ಇಲ್ಲ. ಶಾಸ್ತ್ರಗ್ರಂಥಗಳೇ ಹಾಗೆ; ಬರೆದವನ ಕಣ್ಣೀರಿಗೆ ಅವುಗಳಲ್ಲಿ ಎಡೆಯಿಲ್ಲ.

ಕೆಲಸ ಮುಂದುವರಿದಂತೆ ಬೇಸರವೂ ಬೆಳೆಯಿತು. ಹೊಸ ಪ್ರಭೇದವನ್ನು ವರ್ಣಿಸಿದವನ ಹೆಸರನ್ನು ಆ ಪ್ರಭೇದದ ಹೆಸರಿನ ಮುಂದೆ ಶಾಶ್ವತವಾಗಿ ಬರೆಯುವುದು ಪ್ರಾಣಿಶಾಸ್ತ್ರದ ಸಂಪ್ರದಾಯ. ಈ ಆಸೆಯಿಂದಲೇ ಜನ ಎರಡು ಸಾಲು ಗೀಚಿ ನೂರು ಹೆಸರು ಹುಟ್ಟಿಸುತ್ತಾರೆಂದು ಡಾರ್ವಿನ್ನನು ಸಿಡಿಮಿಡಿಗೊಂಡನು; ಸಂಪ್ರದಾಯವನ್ನೇ ಬಿಡಬೇಕೆಂದು 1849ರಲ್ಲಿ ಸ್ಟ್ರಿಕ್‌ಲೆಂಡ್ ಎಂಬ ವಿದ್ವಾಂಸನೊಡನೆ ಕಾಗದಗಳಲ್ಲಿ ವಾದಿಸಿದನು. ಆತ ಒಪ್ಪಲಿಲ್ಲ. ಅದಕ್ಕಿಂತಲೂ ಕಾಡಿದುದು ಪ್ರಭೇದದ ಗಡಿ. ಒಂದು ರಾಶಿ ಮಾದರಿಗಳನ್ನು ನೋಡಿ ಬೇರೆ ಬೇರೆ ಪ್ರಭೇದಗಳೆಂದು ಬರೆಯುವುದು, ಮತ್ತೆ ಅದನ್ನು ಹರಿದು ಒಂದೇ ಪ್ರಭೇದದ ಬಗೆಗಳೆಂದು ಬರೆಯುವುದು, ಅದನ್ನೂ ಹರಿದು ಮತ್ತೆ ಬೇರ್ಪಡಿಸುವುದು, ಹೀಗೆ ಮಾಡಿ ಮಾಡಿ ಹಲ್ಲು ಕಡಿದು ಪ್ರಭೇದಗಳನ್ನೇ ಶಪಿಸಿದೆನೆಂದು ಹೂಕರನಿಗೆ ತೋಡಿಕೊಂಡನು. ಆದರೆ ಅವನ ಇರುಸುಮುರುಸಿನಲ್ಲೇ ಒಂದು ಸಂತೋಷವೂ ಇತ್ತು. ಪ್ರತಿಯೊಂದು ಅಂಗವೂ ಒಂದಿಷ್ಟಾದರೂ ಮಾರ್ಪಡುತ್ತದೆ, ಯಾವ ಎರಡು ಮಾದರಿಗಳೂ ಒಂದೇ ಅಲ್ಲ ಎಂಬುದು ವರ್ಗೀಕರಣ ಮಾಡುವವನಿಗೆ ಶಾಪ, ಪ್ರಭೇದಗಳು ಮಾರ್ಪಡುತ್ತವೆಂದು ಹೇಳುವವನಿಗೆ ವರ. ಅವನು ಎರಡೂ ಆಗಿದ್ದನು.

1853ರಲ್ಲಿ ರಾಯಲ್ ಸೊಸೈಟಿ ಅವನಿಗೆ ಪದಕ ಕೊಟ್ಟಿತು. 1854ರ ಸೆಪ್ಟೆಂಬರಿನಲ್ಲಿ ಕೊನೆಯ ಪೆಟ್ಟಿಗೆಗಳನ್ನು ಕಟ್ಟಿ ಹಿಂದಿರುಗಿಸಿದನು. ಜೀವಂತ ಬಾರ್ನಕಲ್ಲುಗಳನ್ನು ಕುರಿತ ಎರಡು ಸಂಪುಟಗಳೇ ಸೇರಿ ಸಾವಿರ ಪುಟ ಮೀರಿದುವು. ಶಿಲೆಯಾದವನ್ನು ಕುರಿತು ಇನ್ನೆರಡು ತೆಳು ಸಂಪುಟಗಳು. ಚಿಲಿಯ ಆ ಪುಟ್ಟ ಪ್ರಾಣಿಗೆ ಕ್ರಿಪ್ಟೊಫಿಯಾಲಸ್ ಮೈನ್ಯೂಟಸ್ ಎಂಬ ಹೆಸರು ಸಿಕ್ಕಿತು. ಪೆಟ್ಟಿಗೆಗಳು ಹೋದ ಕೂಡಲೆ ಪ್ರಭೇದಗಳ ವಿಚಾರದ ಟಿಪ್ಪಣಿಗಳನ್ನು ಹೊರತೆಗೆದನು. ಐದು ವರ್ಷಕ್ಕೆ, 1859ರ ನವೆಂಬರ್ 24ರಂದು, ಅವನ ಮಹಾಗ್ರಂಥ ಪ್ರಕಟವಾಯಿತು. ಅಷ್ಟು ಕಾಲವನ್ನು ಬಾರ್ನಕಲ್ಲುಗಳಿಗೆ ಸುರಿದುದು ಸಾರ್ಥಕವೇ ಎಂದು ಮುಪ್ಪಿನಲ್ಲಿ ಅವನೇ ಸಂದೇಹಪಟ್ಟಿದ್ದಾನೆ. ಅವನ ಶಿಷ್ಯಪ್ರಾಯನಾದ ಹಕ್ಸ್‌ಲಿಯ ಅಭಿಪ್ರಾಯ ಬೇರೆ. ಡಾರ್ವಿನ್ನನು ಅದಕ್ಕಿಂತ ಜಾಣತನದ ಕೆಲಸ ಮಾಡಿಲ್ಲವೆಂದೇ ಆತ ತಿಳಿದಿದ್ದನು. ನನಗೂ ಹಕ್ಸ್‌ಲಿಯ ಮಾತೇ ಸರಿಯೆನಿಸುತ್ತದೆ. ಹೆಸರಿಲ್ಲದ ಆ ಗ್ರಂಥಕಾರನಿಗೆ ಹಾಕಿದ ಆಕ್ಷೇಪವನ್ನು 1859ರಲ್ಲಿ ಡಾರ್ವಿನ್ನನಿಗೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಅವನ ಗ್ರಂಥ ನಿರ್ದುಷ್ಟವೇನಲ್ಲ. ಬಂಡೆಗೆ ಅಂಟಿಸುವ ಅಂಟಿನ ಗ್ರಂಥಿಗೂ ಅಂಡಾಶಯಕ್ಕೂ ಸಂಬಂಧವಿದೆಯೆಂದು ಬರೆದುದನ್ನು 1859ರಲ್ಲಿ ಕ್ರೋನ್ ಎಂಬ ಜರ್ಮನ್ ಪಂಡಿತನು ತಪ್ಪೆಂದು ತೋರಿಸಿದನು, ಡಾರ್ವಿನ್ನನು ಒಪ್ಪಿಕೊಂಡನು. ಇನ್ನೊಂದು ಸ್ವಾರಸ್ಯವಾಗಿದೆ. ಪ್ರೋಟಿಯೊಲೆಪಸ್ ಎಂದು ಹೆಸರಿಟ್ಟ ಒಂದು ಪ್ರಾಣಿಗಾಗಿ ಅವನು ಒಂದು ಗಣವನ್ನೇ ನಿರ್ಮಿಸಿದ್ದನು. ಅವನ ಬಳಿಯಿದ್ದುದು ಅದರ ಒಂದೇ ಒಂದು ಮಾದರಿ. ಅದು ಬಾರ್ನಕಲ್ಲೇ ಅಲ್ಲ, ಬಾರ್ನಕಲ್ಲಿನ ಮೈಯಲ್ಲಿ ಸೇರಿಕೊಂಡಿದ್ದ ಬೇರೊಂದು ಕವಚಜೀವಿ ಎಂದು 1972ರಲ್ಲಿ ಫ್ರಾನ್ಸಿನ ಬೋಕೆ-ವೆದ್ರೀನ್ ತೋರಿಸಲು ಆ ಗಣ ರದ್ದಾಯಿತು. ಹಲವು ಮಾದರಿ ನೋಡಬೇಕೆಂಬ ತನ್ನ ನಿಯಮವನ್ನು ಪಾಲಿಸಲಾಗದ ಕಡೆಯಲ್ಲೇ ಅವನು ಎಡವಿದನು.

ಅವನು ಒಂದೇ ಪ್ರಭೇದದ ಬಗೆಗಳೆಂದು ಸೇರಿಸಿಟ್ಟ ಹಲವನ್ನು ಆಮೇಲಿನವರು ಬಿಡಿಸಿದ್ದಾರೆ. 1962ರಲ್ಲಿ ಹಾರ್ಡಿಂಗ್ ಎಂಬಾತನು ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದ್ದ ಡಾರ್ವಿನ್ನನ ಮೂಲ ಮಾದರಿಗಳನ್ನೇ ಹೊರತೆಗೆದು ಪರೀಕ್ಷಿಸಿದನು. ಆಂಫಿಟ್ರೈಟಿ ಎಂಬ ಪ್ರಭೇದದ ಬಗೆಗಳೆಂದು ಡಾರ್ವಿನ್ನನು ಬರೆದಿದ್ದ ವೆನಸ್ಟಸ್, ವೇರಿಯಗೇಟಸ್, ಸಿರೇಟಸ್ ಮೊದಲಾದವು ಇಂದು ಸ್ವತಂತ್ರ ಪ್ರಭೇದಗಳಾಗಿವೆ. ಮಾದರಿಗಳನ್ನು ಚೀಟಿ ಬರೆದು ಜೋಪಾನವಾಗಿಟ್ಟುದರಿಂದಲೇ ನೂರು ವರ್ಷದ ಮೇಲೆ ಈ ತಿದ್ದುಪಡಿ ಸಾಧ್ಯವಾಯಿತು. ಮೂಲಪ್ರತಿ ಉಳಿದಿದ್ದರೆ ಪರಿಷ್ಕರಣಕ್ಕೆ ಎಂದಿಗೂ ಅವಕಾಶವುಂಟು.

ಇತ್ತೀಚಿನ ದಶಕಗಳಲ್ಲಿ ಈ ಕೆಲಸಕ್ಕೆ ಹೊಸದೊಂದು ಸಾಕ್ಷಿ ಬಂದಿದೆ. ಜೀವಕೋಶದೊಳಗಿನ ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಓಲೆ; ತಲೆಮಾರಿನಿಂದ ತಲೆಮಾರಿಗೆ ಅದರ ಪ್ರತಿಯಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಎರಡು ಓಲೆಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಎರಡಕ್ಕೂ ಮೂಲ ಒಂದೇ ಎಂದು ನಮ್ಮ ಸಂಪಾದಕರು ಊಹಿಸುವಂತೆಯೇ ಜೀವಶಾಸ್ತ್ರಜ್ಞರೂ ಊಹಿಸುತ್ತಾರೆ. 2003ರಲ್ಲಿ ಕೆನಡದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು, ಪ್ರಾಣಿಗಳನ್ನು ಗುರುತಿಸಲು ಎಲ್ಲರೂ ಒಂದೇ ಜೀನಿನ ಸುಮಾರು 650 ಅಕ್ಷರಗಳ ಭಾಗವನ್ನು ಹೋಲಿಸಿ ನೋಡಬಹುದೆಂದು ಸೂಚಿಸಿದರು. ಬಾರ್ನಕಲ್ಲುಗಳಿಗೂ ಈ ಪರೀಕ್ಷೆ ನಡೆದಿದೆ. ಟೆಟ್ರಾಕ್ಲೈಟ ಎಂಬ ಜಾತಿಯಲ್ಲಿ, ಪೂರ್ವ ಏಷ್ಯದ ತೀರಗಳಲ್ಲಿ ಹಸಿರು ಬಣ್ಣದವೆಲ್ಲ ಒಂದೇ ಪ್ರಭೇದವೆಂದು ನಂಬಿದ್ದರು. ಚಾನ್, ತ್ಸಾಂಗ್, ಚೂ ಎಂಬ ಮೂವರು 2007ರಲ್ಲಿ ಅವುಗಳ ಡಿ.ಎನ್.ಎ. ಓದಿದಾಗ ಒಳಗೆ ಬೇರೆ ಬೇರೆ ವಂಶಗಳಿರುವುದು ಕಂಡಿತು. ಮತ್ತೆ ಮಾದರಿಗಳ ಕಡೆ ತಿರುಗಿ ಒಳಫಲಕಗಳನ್ನೂ ಕಾಲುಗಳನ್ನೂ ನೋಡಿದರೆ, ಮೊದಲು ಕಣ್ಣಿಗೆ ಬೀಳದಿದ್ದ ವ್ಯತ್ಯಾಸಗಳು ಅಲ್ಲಿಯೂ ಇದ್ದುವು. ಹೀಗೆ ಕುರೊಶಿಯೊಎನ್ಸಿಸ್ ಎಂಬ ಹೊಸ ಪ್ರಭೇದ ವರ್ಣಿತವಾಯಿತು. ಅದೇ ಜಾತಿಯಲ್ಲಿ ಕಪ್ಪು ಛಾಯೆಯ ಒಂದನ್ನೂ ನಸುಗೆಂಪಿನ ಒಂದನ್ನೂ ಹೋಲಿಸಿದಾಗ ಇದಕ್ಕೆ ವಿರುದ್ಧವಾಯಿತು: ಬಣ್ಣ ಬೇರೆ, ಓಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅವು ಈಗ ಒಂದೇ ಪ್ರಭೇದದ ಎರಡು ಉಪಪ್ರಭೇದಗಳು.

ಅಕ್ಷರ ಓದುವ ಯಂತ್ರ ಬಂದ ಮೇಲೆ ಸೂಜಿ ಕತ್ತರಿಗಳನ್ನು ಮೂಲೆಗೆ ಎಸೆಯಬಹುದೆಂದು ಕೆಲವರು ತಿಳಿಯುತ್ತಾರೆ. ನಾನು ಓದಿದ ಮಟ್ಟಿಗೆ ಅದು ಹಾಗಿಲ್ಲ. ಎಷ್ಟು ಅಕ್ಷರ ಬೇರೆಯಾದರೆ ಪ್ರಭೇದ ಬೇರೆ ಎಂಬುದಕ್ಕೆ ಎಲ್ಲಕ್ಕೂ ಹೊಂದುವ ಲೆಕ್ಕವಿಲ್ಲ. ಶಿಲೆಯಾದ ಬಾರ್ನಕಲ್ಲುಗಳಲ್ಲಿ ಓದಲು ಅಕ್ಷರಗಳೇ ಉಳಿದಿಲ್ಲ. ಸಿಕ್ಕಿದ ಓಲೆ ಹಿಂದಿನವರು ಹೆಸರಿಟ್ಟ ಯಾವ ಪ್ರಾಣಿಯದೆಂದು ತಿಳಿಯಲು ಕಪಾಟಿನ ಹಳೆಯ ಮಾದರಿಯ ಬಳಿಗೇ ಹೋಗಬೇಕು. 2021ರಲ್ಲಿ ಪ್ರಕಟವಾದ ಬಾರ್ನಕಲ್ಲುಗಳ ಹೊಸ ವರ್ಗೀಕರಣ ಡಿ.ಎನ್.ಎ., ದೇಹರಚನೆ, ಶಿಲಾವಶೇಷ ಮೂರನ್ನೂ ಕೂಡಿಸಿ ತೂಗಿದೆ. ಅದರಲ್ಲಿ ಡಾರ್ವಿನ್ನನ ಎಷ್ಟೋ ಗುಂಪುಗಳು ಒಡೆದುಹೋಗಿವೆ. ಕುಬ್ಜ ಗಂಡುಗಳ ಇಬ್ಲ ಮಾತ್ರ ಫಲಕಗಳುಳ್ಳ ಬಾರ್ನಕಲ್ಲುಗಳ ವಂಶವೃಕ್ಷದಲ್ಲಿ ಬಹು ಹಿಂದೆಯೇ ಕವಲೊಡೆದ ಕೊಂಬೆಯಾಗಿ ಪ್ರತ್ಯೇಕವಾಗಿ ನಿಂತಿದೆ.

ಡಾರ್ವಿನ್ನನು 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲಿ ತೀರಿಕೊಂಡನು. ಅವನು ಗಾಜಿನ ಮೇಲೆ ಹರಡಿಟ್ಟ ಬಾರ್ನಕಲ್ಲಿನ ಕಾಲು ಬಾಯಿಗಳು ಕೇಂಬ್ರಿಜ್ಜಿನ ಪ್ರಾಣಿಶಾಸ್ತ್ರದ ಮ್ಯೂಜಿಯಮ್ಮಿನಲ್ಲಿವೆ. ಅವನು 1854ರಲ್ಲಿ ವರ್ಣಿಸಿದ ಆಂಫಿಟ್ರೈಟಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಡಗು ದೋಣಿಗಳ ತಳಕ್ಕೆ ಅಂಟಿ ಒಡೆಯರಿಗೆ ಕಾಟ ಕೊಡುತ್ತಲೇ ಇದೆ. 2004ರಲ್ಲಿ ಪಿಟೊಂಬೊ ಎಂಬ ವಿದ್ವಾಂಸನು ಅದನ್ನು ಬಲಾನಸ್ ಜಾತಿಯಿಂದ ತೆಗೆದು ಆಂಫಿಬಲಾನಸ್ ಎಂಬ ಹೊಸ ಜಾತಿಗೆ ಸೇರಿಸಿದನು. ಹೀಗೆ ಜಾತಿ ಬದಲಾದಾಗ ಮೊದಲು ವರ್ಣಿಸಿದವನ ಹೆಸರನ್ನು ಕಂಸದೊಳಗೆ ಬರೆಯಬೇಕೆಂಬುದು ನಿಯಮ. ಆದುದರಿಂದ ಅದರ ಹೆಸರಿನ ಮುಂದೆ, ಅವನು ಬೇಡವೆಂದು ವಾದಿಸಿದ ಜಾಗದಲ್ಲಿಯೇ, ಡಾರ್ವಿನ್ ಎಂದೂ 1854 ಎಂದೂ ಕಂಸದೊಳಗೆ ಬರೆಯುತ್ತಾರೆ.